ಕಕ್ಕು ಹಾಕಿಸದ ಗಿಟಾರ್

ಕಡಿಮೆ ಬೆಲೆಯ ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಯಮಹಾ ಪೆಸಿಫಿಕಾ 012 ಹೆಸರು ಬಂದೇ ಬರುತ್ತೆ. ಆಕಾರದಲ್ಲಿ ಅದು 1954ರ ಫೆಂಡರ್ ಸ್ಟ್ರಾಟೋಕಾಸ್ಟರ್‌ನ ದಾಯಾದಿ. ಆದರೆ ಬ್ರಿಡ್ಜ್ ಹತ್ತಿರ ಇರೋದು ಹಂಬಕರ್, ಅಂದ್ರೆ ಎರಡು ಕಾಯಿಲ್ ಸೇರಿ ಕರೆಂಟಿನ ಗುಂಯ್ ಸದ್ದನ್ನ ಅಡಗಿಸುವ ಪಿಕಪ್. ಉಳಿದೆರಡು ಸಿಂಗಲ್ ಕಾಯಿಲ್. ಐದು ಹಂತದ ಸ್ವಿಚ್ಚು ತಿರುಗಿಸಿದರೆ ರಾಕೂ ನಡೆಯುತ್ತೆ, ಬ್ಲೂಸೂ ನಡೆಯುತ್ತೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ತೊಂದರೆ ಇರೋದು ಬೇರೆ ಕಡೆ. ಈ ಬೆಲೆಯ ಯಾವ ಗಿಟಾರೇ ಆಗಲಿ, ತಂತಿ ಫ್ರೆಟ್ಟಿನಿಂದ ತೀರಾ ಎತ್ತರದಲ್ಲಿದ್ದರೆ ಬೆರಳು ನೋಯುತ್ತೆ, ಒತ್ತಿದಾಗ ಸ್ವರ ಏರುತ್ತೆ. ಕಲಿಯೋನು ‘ನನಗೆ ಸಂಗೀತ ಒಲಿಯಲ್ಲ’ ಅಂದ್ಕೊಂಡು ಅದನ್ನ ಅಟ್ಟಕ್ಕೆ ಹಾಕ್ತಾನೆ. ತಪ್ಪು ಕೈಯದ್ದಲ್ಲ, ಸೆಟಪ್‌ದು. ಟ್ರಸ್ ರಾಡ್, ಬ್ರಿಡ್ಜಿನ ಸ್ಯಾಡಲ್ ಹದ ಮಾಡಿಸಿದರೆ ಅದೇ ಗಿಟಾರ್ ಬೇರೆಯಾಗೇ ನುಡಿಯುತ್ತೆ.

ನಮ್ಮೂರಲ್ಲಿ ಕುಡುಗೋಲಿಗೆ ಕಕ್ಕು ಹಾಕಿಸದೆ ಯಾರೂ ಕುಯ್ಲಿಗೆ ಇಳಿಯಲ್ಲ. ಕುಡುಗೋಲು ಮೊಂಡಾದರೆ ತೋಳನ್ನ ಬೈಯೋದೂ ಇಲ್ಲ. ಹಾಗಾಗಿ ಮೊದಲು ಸೆಟಪ್ಪಿಗೂ ಒಂದು ಸಣ್ಣ ಆಂಪಿಗೂ ದುಡ್ಡು ಎತ್ತಿಡಿ. ಮಿಕ್ಕಿದ್ದರಲ್ಲಿ ಗಿಟಾರ್ ಆರಿಸಿ. ಕೈಯ ಬಗ್ಗೆ ತೀರ್ಪು ಆಮೇಲೆ ಕೊಡೋಣ.