ಮೌನದ ಸಾಕ್ಷ್ಯ ಮತ್ತು ಆದಿವಿಶ್ವದ ಕಾಂತಕ್ಷೇತ್ರ

ಆದಿವಿಶ್ವವು ತಣಿದಂತೆ ಹಿಗ್ಸ್ ಎಂಬ ಅದಿಶ ಕ್ಷೇತ್ರವು ಎಲ್ಲೆಡೆ ಶೂನ್ಯವಲ್ಲದ ಬೆಲೆಯನ್ನು ತಳೆಯಿತು. ದೂರದೂರದ ಪ್ರದೇಶಗಳಲ್ಲಿ ಅದು ಏಕರೂಪವಾಗಿರಲಾರದಾದ್ದರಿಂದ ಆ ವ್ಯತ್ಯಾಸದಿಂದಲೇ ಕಾಂತಕ್ಷೇತ್ರವು ಹುಟ್ಟಿತೆಂದು ತನ್ಮಯ್ ವಾಚಸ್ಪತಿಯವರು 1991ರಲ್ಲಿ ಪ್ರತಿಪಾದಿಸಿದರು. ಇಂಥ ಆದಿಕ್ಷೇತ್ರಕ್ಕೆ ಪ್ರಮಾಣವಾಗಿ ಉದಾಹರಿಸಲ್ಪಡುವ ನೆರೊನೋವ್ ಮತ್ತು ವೋವ್ಕ್ ಅವರ 2010ರ ಲೇಖನವನ್ನು, ಇತಿಹಾಸದ ವಿದ್ಯಾರ್ಥಿಗಳಾದ ನಾವು, ಸಾಕ್ಷ್ಯಪರೀಕ್ಷೆಯ ದೃಷ್ಟಿಯಿಂದ ಓದಿದೆವು.

ಬ್ಲೇಜಾರ್‌ಗಳೆಂಬ ಉಜ್ಜ್ವಲ ಗೆಲಕ್ಸಿಕೇಂದ್ರಗಳ ಪ್ರಬಲ ಗಾಮಾ ಕಿರಣಗಳು ದಾರಿಯಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಗಳಾಗಿ, ಅವುಗಳಿಂದ ಕಡಿಮೆ ಶಕ್ತಿಯ ಗಾಮಾ ಕಿರಣಗಳು ಹೊಮ್ಮಬೇಕು. ಫರ್ಮಿ ದೂರದರ್ಶಕಕ್ಕೆ ಅವು ನಿರೀಕ್ಷಿಸಿದಷ್ಟು ಕಾಣಲಿಲ್ಲ. ಆದಕಾರಣ ಜೋಡಿಗಳನ್ನು ಬಾಗಿಸಿದ, ಕನಿಷ್ಠ 3×10⁻¹⁶ ಗಾಸ್ ಪ್ರಮಾಣದ ಕ್ಷೇತ್ರವಿರಲೇಬೇಕೆಂದು ಲೇಖಕರ ನಿರ್ಣಯ.

ತರ್ಕವು ಚತುರವೇ ಸರಿ. ಆದರೆ ಇದು ಮೌನವನ್ನು ಸಾಕ್ಷಿಗೆ ಕರೆಯುವ ವಾದ. ಶಾಸನದಲ್ಲಿ ಹೆಸರಿಲ್ಲವೆಂದು ಅರಸನೇ ಇರಲಿಲ್ಲವೆನ್ನುವ ಮುನ್ನ, ಆ ಶಾಸನವು ಅವನನ್ನು ಹೆಸರಿಸಲೇಬೇಕಾಗಿತ್ತೆಂದು ತೋರಿಸಬೇಕಷ್ಟೆ. ಇಲ್ಲಿ ಆ ಅನಿವಾರ್ಯತೆ ಸಿದ್ಧವಾಗಿಲ್ಲ: ಜೋಡಿಗಳ ಶಕ್ತಿಯು ಗೆಲಕ್ಸಿಗಳ ನಡುವಣ ಪ್ಲಾಸ್ಮಾವನ್ನು ಕಾಯಿಸುವುದರಲ್ಲಿಯೇ ವ್ಯಯವಾಗಿರಬಹುದೆಂದು ಬ್ರಾಡರಿಕ್, ಚಾಂಗ್ ಮತ್ತು ಫ್ರೊಮರ್ ಅವರು 2012ರಲ್ಲಿ ವಾದಿಸಿದರು. ಕ್ಷೇತ್ರವಿದೆಯೆಂದೇ ಇಟ್ಟುಕೊಂಡರೂ ಅದು ಹಿಗ್ಸ್ ಕ್ಷೇತ್ರದ ಸಂತಾನವೆಂಬುದಕ್ಕೆ ಬೇರೆ ಆಧಾರ ಬೇಕು. ಗೆಲಕ್ಸಿಗಳಿಂದ ಹೊರಚಿಮ್ಮಿದ ಅನಿಲವೂ ಅದನ್ನು ಹೊತ್ತುತಂದಿರಬಹುದು. ಲೇಖನದ ಶೀರ್ಷಿಕೆಯಲ್ಲಿ ಬಳಸಿರುವ 'ಸಾಕ್ಷ್ಯ' ಎಂಬ ಪದವು, ನಮ್ಮ ಮಟ್ಟಿಗೆ, ತುಸು ಅವಸರದ್ದು.