ಅಂಚು ಕತ್ತರಿಸಿದ ಪಟಗಳು: ನಿಟ್ಟೂರು ಸೀಮೆಯ ರವಿವರ್ಮ ಮುದ್ರಣಗಳ ಗುರುತು ಮತ್ತು ಬೆಲೆ

ಕೊಡಚಾದ್ರಿಯ ತಪ್ಪಲಿನಲ್ಲಿರುವ ನಿಟ್ಟೂರಿನ ಸುತ್ತಿನ ಅಡಕೆ ತೋಟದ ಮನೆಗಳಲ್ಲಿ ನಡುಮನೆಯನ್ನು ಹೊಕ್ಕು ತಲೆಯೆತ್ತಿ ನೋಡಿದರೆ, ತೊಲೆಯ ಕೆಳಗೆ ಮುಂದಕ್ಕೆ ಬಾಗಿ ತೂಗುವ ದೇವರ ಪಟಗಳ ಸಾಲು ಇಂದಿಗೂ ಕಾಣಸಿಗುವುದುಂಟು. ಇವುಗಳಲ್ಲಿ ಹಳೆಯವಾಗಿ ತೋರುವ ಎಲ್ಲವನ್ನೂ ಮನೆಯವರು ‘ರವಿವರ್ಮನ ಚಿತ್ರ’ ಎಂದೇ ಕರೆಯುತ್ತಾರೆ. ಹಳೆಯ ವಸ್ತುಗಳನ್ನು ಕೊಳ್ಳುವ ವ್ಯಾಪಾರಿಗಳು ಈಚೆಗೆ ಈ ಬಾಗಿಲುಗಳಿಗೂ ಬರತೊಡಗಿರುವುದರಿಂದ ಆ ಹೆಸರಿಗೆ ಬೆಲೆ ಬಂದಿದೆ. ಆ ಹೆಸರು ಎಷ್ಟರ ಮಟ್ಟಿಗೆ ಸರಿ, ಬೆಲೆಯು ಯಾವುದಕ್ಕೆ ಸಲ್ಲಬೇಕು ಎಂಬುದನ್ನು ಇಲ್ಲಿ ವಿವೇಚಿಸುವೆವು.

ಒಂದು ಮನೆಯ ಹಿರಿಯರು ಸರಸ್ವತಿಯ ಪಟವೊಂದನ್ನು ತೋರಿಸಿ, ರವಿವರ್ಮನು ಕೊಲ್ಲೂರಿಗೆ ಬಂದಿದ್ದಾಗ ತನ್ನ ಕೈಯಿಂದಲೇ ಬರೆದು ತಮ್ಮ ಪೂರ್ವಿಕರಿಗೆ ಕೊಟ್ಟುದೆಂದು ತಿಳಿಸಿದರು. ಚಿತ್ರಕಾರನು 1870ರಲ್ಲಿ ಮೂಕಾಂಬಿಕೆಯ ಸನ್ನಿಧಿಗೆ ಬಂದು ಸೇವೆ ಸಲ್ಲಿಸಿದನೆಂಬುದು ಅವನ ಜೀವನಚರಿತ್ರೆಗಳಲ್ಲಿ ಬರುವ ಸಂಗತಿಯೇ ಸರಿ. ನಿಟ್ಟೂರಿನಿಂದ ನಾಗೋಡಿಯ ಘಟ್ಟ ಇಳಿದರೆ ಕೊಲ್ಲೂರು ದೂರವೂ ಅಲ್ಲ. ಆದರೆ 1848ರಲ್ಲಿ ಹುಟ್ಟಿದ ಅವನು ಆಗ 22 ವರ್ಷದ ಯುವಕ. ಭೂತಗನ್ನಡಿಯನ್ನಿಟ್ಟು ನೋಡಿದಾಗ ಆ ಪಟವು ಕುಂಚದ ಕೆಲಸವಲ್ಲ, ಅಚ್ಚಿನದೆಂದು ಸ್ಪಷ್ಟವಾಯಿತು. ರವಿವರ್ಮನ ಅಚ್ಚುಕೂಟವಾದರೋ ಮುಂಬಯಿಯಲ್ಲಿ ಆರಂಭವಾದುದು 1894ರಲ್ಲಿ. ಹಿರಿಯರ ಮಾತಿನಲ್ಲಿ ವಂಚನೆಯ ಉದ್ದೇಶವೇನೂ ಇರಲಿಲ್ಲ. ಯಾತ್ರೆಯೂ ನಿಜ, ಪಟವೂ ನಿಜ. ಅವೆರಡನ್ನು ಜೋಡಿಸಿದ ಕೊಂಡಿಯೊಂದೇ ಕಲ್ಪನೆಯದು.

ಎಣ್ಣೆವರ್ಣದ ಚಿತ್ರಗಳನ್ನು ಅಚ್ಚು ಹಾಕಿಸಿ ಹರಡಬೇಕೆಂಬ ಸಲಹೆಯನ್ನು ರವಿವರ್ಮನಿಗೆ ಕೊಟ್ಟವರು ದಿವಾನರಾಗಿದ್ದ ಸರ್ ಟಿ. ಮಾಧವರಾಯರು. ಜರ್ಮನಿಯಿಂದ ಯಂತ್ರಗಳೂ ಕುಶಲಿಗಳೂ ಬಂದರು. ‘ಶಕುಂತಲಾ ಜನ್ಮ’ವು ಮೊದಲ ಮುದ್ರಣವಾಗಿ ಹೊರಬಿದ್ದಿತು. ಅಚ್ಚುಕೂಟವು ಕೆಲವೇ ವರ್ಷಗಳಲ್ಲಿ ಲೋಣಾವಳದ ಬಳಿಯ ಕಾರ್ಲಾ-ಮಳವಲಿಗೆ ಸ್ಥಳಾಂತರಗೊಂಡು, ಸಾಲದ ಹೊರೆಯಿಂದಾಗಿ 20ನೆಯ ಶತಮಾನದ ಮೊದಲ ವರ್ಷಗಳಲ್ಲಿಯೇ ಫ್ರಿಟ್ಜ್ ಶ್ಲೈಖರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. ಚಿತ್ರಕಾರನು 1906ರಲ್ಲಿ ತೀರಿಕೊಂಡನು. ಅಚ್ಚುಕೂಟದ ಹೆಸರಾದರೋ 1972ರಲ್ಲಿ ಅದು ಬೆಂಕಿಗೆ ಆಹುತಿಯಾಗುವವರೆಗೂ ಉಳಿದಿತ್ತು. ಅಲ್ಲಿ ಎಂ. ವಿ. ಧುರಂಧರರಂಥ ಬೇರೆ ಚಿತ್ರಕಾರರ ಕೃತಿಗಳೂ ಅಚ್ಚಾದವು. ಬೇರೆ ಅಚ್ಚುಕೂಟಗಳು ರವಿವರ್ಮನ ಚಿತ್ರಗಳನ್ನು ನಕಲು ಮಾಡಿದುದಕ್ಕಂತೂ ಲೆಕ್ಕವಿಲ್ಲ. ಆದುದರಿಂದ ‘ರವಿವರ್ಮನ ಮುದ್ರಣ’ ಎಂಬ ಮಾತು ಚಿತ್ರಕಾರನ ಕೈಯನ್ನಾಗಲಿ ಅವನ ಜೀವಿತಕಾಲವನ್ನಾಗಲಿ ತಾನಾಗಿಯೇ ಸೂಚಿಸಲಾರದು.

ಗುರುತಿಸುವ ಕ್ರಮವೇನೂ ಗಹನವಾದುದಲ್ಲ. ಹತ್ತು ಪಟ್ಟು ಹಿಗ್ಗಿಸಿ ತೋರುವ ಭೂತಗನ್ನಡಿಯೊಂದಿದ್ದರೆ ವಿದ್ಯಾರ್ಥಿಯೂ ಆರಂಭದ ಪರೀಕ್ಷೆಯನ್ನು ಮಾಡಬಹುದು. ಕಲ್ಲಚ್ಚು ನಮ್ಮ ನಾಡಿಗೆ ಹೊಸದಲ್ಲ. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿಯೇ ಅಚ್ಚಾದ ಪತ್ರಿಕೆ. ವರ್ಣಚಿತ್ರದ ಕಲ್ಲಚ್ಚಿನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಕುಶಲಿಯು ಕೈಯಿಂದ ಇಟ್ಟ ಚಿಕ್ಕೆಗಳು ಆ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತವೆ. ಕೆನ್ನೆಯ ನೆರಳನ್ನೋ ಸೀರೆಯ ನೆರಿಗೆಯನ್ನೋ ಗಾಜಿನಲ್ಲಿ ನೋಡಿದರೆ ಚಿಕ್ಕೆಗಳು ಒಂದರಂತೆ ಒಂದಿರುವುದಿಲ್ಲ. ಒಂದೆಡೆ ದಟ್ಟ, ಒಂದೆಡೆ ವಿರಳ, ಅಲ್ಲಲ್ಲಿ ಒಂದರ ಮೇಲೊಂದು. ಆಫ್‌ಸೆಟ್ ಮುದ್ರಣದಲ್ಲಾದರೆ ಚಿಕ್ಕೆಗಳು ಅಳತೆಗೋಲು ಹಿಡಿದಂತೆ ಸಾಲುಗೊಂಡು ಸಣ್ಣ ಹೂವುಗಳ ಹಾಗೆ ಕಾಣುತ್ತವೆ. ಕೆಲವು ಮುದ್ರಣಗಳಿಗೆ ಕ್ಯಾನ್ವಾಸಿನ ನೇಯ್ಗೆಯಂಥ ಉಬ್ಬನ್ನೊತ್ತಿ ಮೇಲೆ ವಾರ್ನಿಷ್ ಬಳಿದಿರುವುದರಿಂದ ಕುಂಚದ ಚಿತ್ರವೆಂಬ ಭ್ರಮೆ ಹುಟ್ಟುತ್ತದೆ. ಮೇಲೆ ಹೇಳಿದ ಸರಸ್ವತಿಯೂ ಇಂಥದೇ. ವಾರ್ನಿಷು ಹಳದಿಗಟ್ಟಿದ್ದ ಮಾತ್ರಕ್ಕೆ ಅದನ್ನು ಪ್ರಾಚೀನವೆನ್ನಲಾಗದು. ಮಲೆನಾಡಿನ ಹೊಗೆ ತಾಗಿದ ಮನೆಯಲ್ಲಿ ಮೂವತ್ತು ವರ್ಷಗಳ ಪಟವೂ ನೂರು ವರ್ಷದ್ದರಂತೆ ಕಂದುಗಟ್ಟೀತು.

ಕಲ್ಲಚ್ಚೆಂದು ತೀರ್ಮಾನವಾದ ಮೇಲೆ ಕಾಲನಿರ್ಣಯಕ್ಕೆ ನಮಗೆ ಉಳಿಯುವ ಮುಖ್ಯ ಆಧಾರವೆಂದರೆ ಅಂಚು. ಚಿತ್ರದ ಕೆಳಗಿನ ಎರಡು ಬೆರಳಗಲದ ಬಿಳಿಯ ಜಾಗದಲ್ಲಿ ಚಿತ್ರದ ಹೆಸರು, ಅಚ್ಚುಕೂಟದ ಹೆಸರು, ಊರು, ಕೆಲವೊಮ್ಮೆ ಮಾರಾಟಗಾರನ ಹೆಸರು ಇರುತ್ತವೆ. ಮುಂಬಯಿಯೆಂದಿದೆಯೋ ಕಾರ್ಲಾ ಎಂದಿದೆಯೋ ಎಂಬುದರ ಮೇಲೆ ಪಟವು ಯಾವ ವರ್ಷಕ್ಕಿಂತ ಹಿಂದಿನದಾಗಿರಲಾರದೆಂದು ಹೇಳಬಹುದು. ಯಾವ ವರ್ಷಕ್ಕಿಂತ ಈಚಿನದಲ್ಲವೆಂದು ಅದರಿಂದ ಹೇಳಲಾಗದು. ಶಾಸನದ ಕೊನೆಯಲ್ಲಿ ಬರುವ ಲಿಪಿಕಾರನ ಹೆಸರಿಗೆ ಇರುವ ಸ್ಥಾನವೇ ಈ ಅಂಚಿಗೂ ಇದೆ. ನಗರ, ಸಾಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ರೈಸರು ಎಪಿಗ್ರಾಫಿಯ ಕರ್ನಾಟಿಕದ 8ನೆಯ ಸಂಪುಟದಲ್ಲಿ 1904ರಲ್ಲಿಯೇ ಪ್ರಕಟಿಸಿದರು. ಅದೇ ದಶಕದಲ್ಲಿ ಅದೇ ಸೀಮೆಯ ಗೋಡೆಗಳಿಗೆ ಏರತೊಡಗಿದ ಈ ಕಾಗದಗಳನ್ನು ಓದಬೇಕಾದ ದಾಖಲೆಗಳೆಂದು ಭಾವಿಸಿದವರು ವಿರಳ.

ಅಂಚನ್ನು ಕಳೆದವರು ಯಾರು? ಮೊದಲನೆಯದಾಗಿ ಕಟ್ಟು ಹಾಕುವವನು. ಅವನ ಬಳಿಯಿದ್ದ ಗಾಜಿನ ಅಳತೆಗೆ ಪಟವನ್ನು ಹೊಂದಿಸಲು ಅಂಚಿಗೆ ಕತ್ತರಿ ಬಿದ್ದಿತು. ಸರಸ್ವತಿಯ ಪಟಕ್ಕಾದುದು ಇದೇ. ಕಲ್ಲಚ್ಚೆಂಬುದರಲ್ಲಿ ಸಂದೇಹವಿಲ್ಲದಿದ್ದರೂ ಯಾವ ಅಚ್ಚುಕೂಟದ್ದು, ಯಾವ ಕಾಲದ್ದೆಂದು ನಾವು ಹೇಳಲಾರದೆ ಹೋದೆವು. ಎರಡನೆಯದಾಗಿ, ಇದು ಹೆಚ್ಚು ಶೋಚನೀಯ, ಇಂದಿನ ಮಾರಾಟಗಾರನು. ಗೆದ್ದಲು ಹಿಡಿದ ಅಂಚನ್ನು ತೆಗೆದು ‘ಶುದ್ಧ’ಗೊಳಿಸಿದರೆ ಪಟ್ಟಣದ ಗಿರಾಕಿಗೆ ಒಪ್ಪುತ್ತದೆಂಬುದು ಅವನ ಎಣಿಕೆ. ಹಳೆಯ ಬೀಟೆಯ ಕಟ್ಟಿನೊಳಗೆ ಹೊಸ ಆಫ್‌ಸೆಟ್ ಪ್ರತಿಯನ್ನಿಟ್ಟು ಕೊಡುವುದೂ ಉಂಟು. ಆಗ ಗಿರಾಕಿಯು ಹಣ ತೆತ್ತದ್ದು ಮರಕ್ಕೆ.

ಹಾಗಾದರೆ ಬೆಲೆ ಯಾವುದಕ್ಕೆ? ಪೇಟೆಯ ಲೆಕ್ಕವು ಮೂರು ಸಂಗತಿಗಳ ಮೇಲೆ ನಿಂತಿದೆ: ಹೆಸರು, ವಿರಳತೆ, ಕಾಗದದ ಸ್ಥಿತಿ. ಲಕ್ಷ್ಮಿ ಸರಸ್ವತಿಯರು ಮತ್ತೆ ಮತ್ತೆ ಅಚ್ಚಾದುದರಿಂದ ಅವರಿಗಿಂತ ಅಪರೂಪದ ಪುರಾಣಪ್ರಸಂಗಗಳಿಗೆ ಹೆಚ್ಚಿನ ಬೆಲೆ ನ್ಯಾಯವೇ. ಸ್ಥಿತಿಯ ವಿಷಯದಲ್ಲಿ ಮಾತ್ರ ನಮಗೆ ಒಪ್ಪಿಗೆಯಿಲ್ಲ. ವಿದ್ವಾಂಸರ ಕಡೆಯ ಲೋಪವನ್ನೂ ಇಲ್ಲಿಯೇ ಹೇಳಬೇಕು. ಆನಂದ ಕುಮಾರಸ್ವಾಮಿ ಮೊದಲಾದವರು ರವಿವರ್ಮನ ಚಿತ್ರಕಲೆಯನ್ನು ಕಟುವಾಗಿ ವಿಮರ್ಶಿಸಿದರು. ಆ ವಿಮರ್ಶೆಯ ಸಾಧುತ್ವ ಬೇರೆ ಮಾತು. ಅದನ್ನು ಓದಿ ಬೆಳೆದ ನಾವು ಚಿತ್ರವೇ ಕೀಳಾದ ಮೇಲೆ ಅದರ ಅಚ್ಚನ್ನು ಕೇಳುವುದೇನೆಂದು ಕೈಬಿಟ್ಟೆವು. ಕಲಾವಿಮರ್ಶೆಯ ತೀರ್ಪನ್ನು ಇತಿಹಾಸದ ತೀರ್ಪೆಂದು ಸ್ವೀಕರಿಸಿದುದು ನಮ್ಮ ತಪ್ಪು.

ಇನ್ನೊಂದು ಮನೆಯ ಲಕ್ಷ್ಮಿಯ ಪಟದಿಂದ ಈ ಮಾತು ಹೆಚ್ಚು ಸ್ಪಷ್ಟವಾಗಬಹುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರೊಂದರಿಂದ ಆ ಕುಟುಂಬವು ಎದ್ದು ಬಂದುದು. ಗಾಡಿಗೇರಿದ ಸಾಮಾನುಗಳಲ್ಲಿ ಈ ಪಟವೂ ಒಂದು. ದೇವಿಯ ಸೀರೆಗೆ ಮನೆಯ ಹೆಂಗಸರು ಜರಿಯನ್ನೂ ಚಮಕಿಯನ್ನೂ ಹೊಲಿದಿದ್ದಾರೆ; ಪಾದದ ಬಳಿ ಕುಂಕುಮ ಇಳಿದಿದೆ; ಎಡಮೂಲೆಯಲ್ಲಿ ಮಳೆನೀರಿನ ಕಲೆ. ವ್ಯಾಪಾರಿಯು ಇವನ್ನೆಲ್ಲ ದೋಷಗಳೆಂದು ಎಣಿಸಿ, ಅಂಚಿಲ್ಲದ ಆದರೆ ಕಲೆಯಿಲ್ಲದ ಸರಸ್ವತಿಗಿಂತ ಕಡಿಮೆ ಬೆಲೆ ಹೇಳಿದ್ದನಂತೆ. ನಮ್ಮ ಎಣಿಕೆಯಲ್ಲಿ ಕ್ರಮವು ತಿರುಗುಮುರುಗು. ಅಂಚಿನಲ್ಲಿ ಕಾರ್ಲಾ-ಲೋಣಾವಳವೆಂಬ ಅಕ್ಷರಗಳು ಅಳಿಯದೆ ಇವೆ. ಮುಳುಗಿದ ಮನೆಯಲ್ಲಿ ಅದು ಯಾವ ಗೋಡೆಯಲ್ಲಿತ್ತು, ಯಾರು ಚಮಕಿ ಹೊಲಿದರು ಎಂಬುದನ್ನು ಹೇಳಬಲ್ಲ ಅಜ್ಜಿಯೊಬ್ಬರು ಮನೆಯಲ್ಲಿದ್ದಾರೆ. ಅಚ್ಚುಕೂಟದಿಂದ ಸಾವಿರಗಟ್ಟಲೆ ಹೊರಟ ಪ್ರತಿಗಳಲ್ಲಿ ಇದು ಒಂದೇ ಒಂದಾಗಿರುವುದು ಆ ಚಮಕಿಯಿಂದ.

ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳಲ್ಲಿ ಇಂಥ ಪಟಗಳನ್ನು ಕಂಡಾಗ ಒರಸುವ ಮುನ್ನ, ಕಟ್ಟು ಬಿಚ್ಚುವ ಮುನ್ನ, ಅದು ತೂಗಿದ್ದ ಸ್ಥಳವನ್ನೂ ತಂದವರ ಹೆಸರನ್ನೂ ಬರೆದುಕೊಳ್ಳಬೇಕು. ಹಿಂಬದಿಯ ಹಲಗೆ, ಅದರ ಒಳಗಿಟ್ಟ ಹಳೆಯ ಕಾಗದ ಯಾವುದನ್ನೂ ಎಸೆಯಬಾರದು. ನೂರು ವರ್ಷ ದಾಟಿದ ಕಲಾಕೃತಿಯು 1972ರ ಪುರಾವಸ್ತು ಕಾಯಿದೆಗೆ ಒಳಪಡುತ್ತದೆ, ಅದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ ಎಂಬುದನ್ನು ಮನೆಯವರಿಗೆ ತಿಳಿಸುವುದೂ ಒಳ್ಳೆಯದು.

ಲಕ್ಷ್ಮಿಯ ಪಟವನ್ನು ನಾವು ಇಳಿಸಿ, ಅಳೆದು, ಅಂಚಿನ ಅಕ್ಷರಗಳನ್ನು ಬರೆದುಕೊಂಡು, ಅದೇ ಮೊಳೆಗೆ ತಿರುಗಿ ಹಾಕಿಸಿದೆವು. ಸರಸ್ವತಿಯ ಪಟವು ಮುಂದಿನ ಆರಿದ್ರೆಯ ಮಳೆಗೆ ಮೊದಲೇ ಮಾರಾಟವಾಯಿತೆಂದು ಅನಂತರ ತಿಳಿದುಬಂದಿತು. ಕೊಲ್ಲೂರಿನಲ್ಲಿ ರವಿವರ್ಮನೇ ಬರೆದು ಕೊಟ್ಟ ಚಿತ್ರವೆಂಬ ಹೆಸರಿನಲ್ಲಿ.