ಬೇಸಿಗೆ ಕೆಲಸಕ್ಕೆ ಅರ್ಧ ಪುಟದ ಅರ್ಜಿ

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಕಾಲೇಜು ಶುರುವಾಗುವ ತನಕ ಬೆಂಗಳೂರಿನ ಗವಿಪುರ, ಗುಟ್ಟಹಳ್ಳಿಯ ಎಷ್ಟೋ ಮಕ್ಕಳು ಕೆಲಸ ಹುಡುಕುತ್ತಾರೆ. ಹುಡುಕುವ ದಾರಿ ಮಾತ್ರ ಒಂದೇ. ಅಪ್ಪನಿಗೋ ಮಾವನಿಗೋ ಪರಿಚಯವಿರುವ ಅಂಗಡಿಗೆ ಹೋಗಿ, “ನಮ್ಮ ಹುಡುಗ, ರಜಾ ಇದೆ, ಇಟ್ಕೊಳ್ಳಿ” ಅಂದರೆ ಮುಗಿಯಿತು. ಗಾಂಧಿ ಬಜಾರಿನ ಬಟ್ಟೆ ಅಂಗಡಿ, ಬುಲ್ ಟೆಂಪಲ್ ರಸ್ತೆಯ ಜೆರಾಕ್ಸ್ ಅಂಗಡಿ, ಪೇಪರ್ ಏಜೆಂಟು, ಎಲ್ಲ ಕಡೆಯೂ ಹೀಗೇ.

ಈ ಪದ್ಧತಿಯಲ್ಲಿ ನಾನು ಮೆಚ್ಚುವುದೂ ಇದೆ. ಮಗು ಗೊತ್ತಿರುವವರ ಕಣ್ಣೆದುರಿಗೆ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಇರುತ್ತದೆ. ಚಿಲ್ಲರೆ ಎಣಿಸಿ ಕೊಡುವುದು, ಸಿಟ್ಟಾದ ಗಿರಾಕಿಯನ್ನು ಸಮಾಧಾನಪಡಿಸುವುದು, ಸಂಜೆ ಲೆಕ್ಕ ಒಪ್ಪಿಸುವುದು, ಇವೆಲ್ಲ ದುಡ್ಡು ಕಟ್ಟಿ ಹೋಗುವ ಬೇಸಿಗೆ ಶಿಬಿರದಲ್ಲಿ ಸಿಗದ ಪಾಠಗಳು.

ಆದರೆ ಸಂಬಳದ ಮಾತು ಬಂದರೆ ಎಲ್ಲರೂ ಸುಮ್ಮನಾಗುತ್ತಾರೆ. ಪರಿಚಯದವರನ್ನು ಕೇಳುವುದು ಹೇಗೆ ಎಂದು ಮನೆಯವರಿಗೆ ಸಂಕೋಚ. “ಮೊದಲು ಕೆಲಸ ಕಲೀಲಿ” ಎನ್ನುವುದು ಅಂಗಡಿಯವರ ಮಾತು. ಕೆಲಸ ಕೊಡಿಸಿದ ಪರಿಚಯವೇ ಬಾಯಿಯನ್ನೂ ಕಟ್ಟುತ್ತದೆ. ಬೇರೆ ಊರಿಂದ ಹೊಸದಾಗಿ ಬಂದು ಬಾಡಿಗೆಗಿರುವ ಮನೆಯ ಹುಡುಗನಿಗೆ ಆ ಪರಿಚಯವೂ ಇಲ್ಲ. ಹೆಣ್ಣುಮಕ್ಕಳಿಗಂತೂ ಪಕ್ಕದ ಮನೆಯ ಮಕ್ಕಳಿಗೆ ಪಾಠ ಹೇಳುವುದರಾಚೆ ಯಾರೂ ಯೋಚಿಸುವುದೇ ಅಪರೂಪ.

ಇದಕ್ಕಿಂತ ನನ್ನನ್ನು ಕಾಡುವುದು ಕೆಲಸದ ಹೊತ್ತು. 1986ರ ಬಾಲಕಾರ್ಮಿಕ ಕಾಯ್ದೆ, 2016ರ ತಿದ್ದುಪಡಿಯ ನಂತರ, 14 ತುಂಬದವರನ್ನು ಕೆಲಸಕ್ಕಿಟ್ಟುಕೊಳ್ಳಬಾರದು ಎನ್ನುತ್ತದೆ; ಶಾಲೆಯ ಹೊತ್ತಿನಾಚೆ, ರಜೆಯಲ್ಲಿ ಮನೆಯ ಸ್ವಂತ ಕಸುಬಿಗೆ ನೆರವಾಗುವುದಕ್ಕೆ ವಿನಾಯಿತಿಯಿದೆ. 14ರಿಂದ 18ರವರು ಅಪಾಯವಿಲ್ಲದ ಕೆಲಸ ಮಾಡಬಹುದು. ಆದರೆ ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಮೂರು ಗಂಟೆ ದುಡಿದ ಮೇಲೆ ಒಂದು ಗಂಟೆ ಬಿಡುವು ಬೇಕು, ವಾರಕ್ಕೊಂದು ರಜೆ ಬೇಕು, ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸ ಕೂಡದು. ಗಾಂಧಿ ಬಜಾರಿನಲ್ಲಿ ಜನ ನುಗ್ಗುವುದೇ ಸಂಜೆ. ಪೇಪರು ಹಂಚುವುದು ನಸುಕಿನಲ್ಲಿ. ಹುಡುಗರು ಬೇಕಾಗುವುದು ಕಾನೂನು ಬೇಡವೆನ್ನುವ ಹೊತ್ತಿಗೇ. ಅಂಗಡಿಯವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಈ ಗಂಟೆಗಳ ಲೆಕ್ಕವನ್ನು ಅಂಗಡಿಯವರೂ ಮನೆಯವರೂ ಕೂತು ಮಾತಾಡದೆ ಕೆಲಸ ಶುರುವಾಗುತ್ತದೆ ಎನ್ನುವುದು ನನ್ನ ತಕರಾರು.

ಆ ಮಾತು ಶುರುಮಾಡುವ ದಾರಿ ಮಕ್ಕಳಿಗೆ ಗೊತ್ತೇ ಇದೆ: ಹತ್ತನೇ ತರಗತಿಯ ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ಪತ್ರ ಬರೆಯುವ ಪ್ರಶ್ನೆಯಿದೆ. ಮಕ್ಕಳು ಅದನ್ನು ವರ್ಷವಿಡೀ ಅಭ್ಯಾಸ ಮಾಡುತ್ತಾರೆ. ಪರೀಕ್ಷೆ ಮುಗಿದ ವಾರವೇ ನಿಜವಾದ ಅರ್ಜಿಯೊಂದು ಬೇಕಾದಾಗ ಅವರ ಬದಲಿಗೆ ಅಪ್ಪ ಮಾತಾಡುತ್ತಾನೆ. ಹುಡುಗಿಯೊಬ್ಬಳು ತಾನೇ ಅಂಗಡಿಗೆ ಹೋಗಿ ಅರ್ಧ ಪುಟ ಕೊಡಲಿ: ನನ್ನ ಹೆಸರು, ಹುಟ್ಟಿದ ದಿನ, ಏಪ್ರಿಲ್ 15ರಿಂದ ಮೇ 31ರವರೆಗೆ ಬರಬಲ್ಲೆ, 11ರಿಂದ 2, ಊಟದ ನಂತರ 3ರಿಂದ 5, ಇಂಥ ಕೆಲಸ ಬರುತ್ತದೆ, ಇಷ್ಟು ಸಂಬಳ ಕೇಳುತ್ತೇನೆ. ಪರಿಚಯವಿಲ್ಲದ ಮನೆಯ ಮಗುವಿಗೂ ಆ ಕಾಗದ ಬಾಗಿಲು ತೆರೆಯಬಹುದು. ಅಂಗಡಿಯವರಿಗೂ ಅದು ಬೇಕಾದದ್ದೇ: 18 ತುಂಬದವರನ್ನು ಇಟ್ಟುಕೊಂಡರೆ ಅವರ ಹೆಸರು, ಜನ್ಮದಿನಾಂಕ, ಕೆಲಸದ ಹೊತ್ತು, ಬಿಡುವು, ಕೆಲಸದ ಬಗೆ ಬರೆದ ರಿಜಿಸ್ಟರನ್ನು ಅವರು ಇಡಲೇಬೇಕು.